ಗಾಳಿ ಹೋದ ಮೇಲೂ ಓಡಿದ ಟೈರು

ಕೋಳಿಕ್ಕೋಡಿನಿಂದ ಹೊರಟು ವಯನಾಡಿನ ಘಟ್ಟ ಹತ್ತಿ, ಬಂಡೀಪುರದ ಕಾಡು ಹಾಯ್ದು, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಟಿ. ನರಸೀಪುರಗಳ ಮೇಲೆ ಕೊಳ್ಳೇಗಾಲ ಮುಟ್ಟುವ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 766 ಎಂದು ಹೆಸರು. ಕಬ್ಬಿನ ಟ್ರ್ಯಾಕ್ಟರು, ಜಲ್ಲಿ ತುಂಬಿದ ಟಿಪ್ಪರು, ನಂಜನಗೂಡಿನ ಕೈಗಾರಿಕಾ ಪ್ರದೇಶದ ಲಾರಿ, ದೊಡ್ಡ ಜಾತ್ರೆಗೋ ಸುತ್ತೂರು ಜಾತ್ರೆಗೋ ಹೊರಟ ಕಾರು, ಎಲ್ಲಕ್ಕೂ ಇದೇ ದಾರಿ. ಅವು ಉದುರಿಸಿಕೊಂಡು ಹೋಗುವ ಮೊಳೆ, ಬೋಲ್ಟು, ತಂತಿಚೂರುಗಳಿಗೆ ಬಡವರ ಚಕ್ರ, ಶ್ರೀಮಂತರ ಚಕ್ರ ಎಂಬ ಭೇದವಿಲ್ಲ. ಊರು ಶುರುವಾಗುವ ಮೊದಲೇ ಹಳೇ ಟೈರು ನೇತುಹಾಕಿದ ಪಂಕ್ಚರ್ ಅಂಗಡಿ ಕಾಣುವುದು ಅದಕ್ಕೇ.

ಇಂಥ ಅಂಗಡಿಯ ಮುಂದೆ ಈಚೆಗೆ ಹೊಸ ಬಗೆಯ ಗಿರಾಕಿಯೂ ಬಂದು ನಿಲ್ಲುವುದುಂಟು. ಕಾರು ದುಬಾರಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ, ಟೈರು ರನ್-ಫ್ಲಾಟ್. ಗಾಳಿ ಪೂರ್ತಿ ಹೋದರೂ ನೆಲಕಚ್ಚದೆ ಓಡುವ ಟೈರು ಅದು. ಬಿಎಂಡಬ್ಲ್ಯು, ಮಿನಿ ಕಾರುಗಳಲ್ಲಿ ಇದು ಬಹುಕಾಲದಿಂದ ಇದೆ. ಮೊಳೆ ಚುಚ್ಚಿದೆ. ಪಂಕ್ಚರ್ ಹಾಕಿಸಬೇಕೋ, ಟೈರನ್ನೇ ಬದಲಿಸಬೇಕೋ? ಅಂಗಡಿಯವರು "ಹಾಕ್ಕೊಡ್ತೀನಿ ಸಾರ್, ಏನೂ ಆಗಲ್ಲ" ಎನ್ನುತ್ತಾರೆ. ಶೋರೂಮಿಗೆ ಫೋನು ಮಾಡಿದರೆ "ಹೊಸದೇ ಹಾಕಿಸಬೇಕು ಸರ್" ಎನ್ನುತ್ತಾರೆ. ನನ್ನ ಮಟ್ಟಿಗೆ ಇಬ್ಬರದೂ ಅವಸರದ ಉತ್ತರ. ಮೊದಲು ಕೇಳಬೇಕಾದದ್ದು ಬೇರೆ: ಗಾಳಿ ಇಳಿದ ಮೇಲೆ ಎಷ್ಟು ದೂರ ಓಡಿಸಿದಿರಿ?

ಈ ಪ್ರಶ್ನೆ ಯಾಕೆ ಮುಖ್ಯ ಎಂದು ತಿಳಿಯಲು ಟೈರಿನ ಒಳಗೆ ಸ್ವಲ್ಪ ಇಣುಕಬೇಕು. 1,600 ಕಿಲೋ ತೂಗುವ ಕಾರಿನಲ್ಲಿ ಒಂದೊಂದು ಚಕ್ರದ ಪಾಲಿಗೆ ಸುಮಾರು 400 ಕಿಲೋ ಬೀಳುತ್ತದೆ. ಆ ಭಾರವನ್ನು ಹೊರುವುದು ಬಹುಮಟ್ಟಿಗೆ ಒಳಗಿನ ಗಾಳಿ, ರಬ್ಬರಲ್ಲ. 33 ಪಿಎಸ್ಐ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಒತ್ತಡ. ಭಾಗಿಸಿ ನೋಡಿ: ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 175 ಚದರ ಸೆಂಟಿಮೀಟರ್, ಒಂದು ಹಸ್ತದಷ್ಟು. ಮಾಮೂಲಿ ಟೈರಿನ ಪಕ್ಕದ ಗೋಡೆ ತೆಳುವು. ಗಾಳಿ ಹೋದರೆ ಅದು ಮಡಚಿಕೊಳ್ಳುತ್ತದೆ, ಡಿಸ್ಕಿನ ಅಂಚು ಅದರ ಮೇಲೆ ಕೂತು ಕೆಲವೇ ನಿಮಿಷದಲ್ಲಿ ಕತ್ತರಿಸಿಹಾಕುತ್ತದೆ. ರನ್-ಫ್ಲಾಟ್ ಟೈರಿನಲ್ಲಿ ಈ ಗೋಡೆಯ ಒಳಗೆ ಅರ್ಧಚಂದ್ರಾಕಾರದ ದಪ್ಪ ರಬ್ಬರಿನ ಪದರ ಇಟ್ಟಿರುತ್ತಾರೆ. ಗಾಳಿ ಕೈಕೊಟ್ಟಾಗ ಆ ಎರಡು ಗೋಡೆಗಳೇ 400 ಕಿಲೋ ಹೊತ್ತು ನಡೆಯುತ್ತವೆ.

ನಡೆಯುತ್ತವೆ, ಆದರೆ ಬೆವರು ಸುರಿಸಿಕೊಂಡು. ರಬ್ಬರನ್ನು ಬಗ್ಗಿಸಿ ಬಿಟ್ಟರೆ, ಬಗ್ಗಿಸಲು ಹಾಕಿದ ಶಕ್ತಿಯಷ್ಟೂ ವಾಪಸ್ ಬರುವುದಿಲ್ಲ. ಒಂದು ಪಾಲು ಶಾಖವಾಗಿ ರಬ್ಬರಿನೊಳಗೇ ಉಳಿಯುತ್ತದೆ. ಇದಕ್ಕೆ ಹಿಸ್ಟೆರಿಸಿಸ್ ಎನ್ನುತ್ತಾರೆ. ಕಟ್ಟುಕಂಬಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುಟ್ಟಿ ನೋಡಿದರೆ ಬಿಸಿ ಹತ್ತಿರುತ್ತದಲ್ಲ, ಹಾಗೆ. ಮಧ್ಯಮ ಗಾತ್ರದ ಕಾರಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಕಿಲೋಮೀಟರಿಗೆ 500 ಸುತ್ತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗೋಡೆಯ ಪ್ರತಿ ಭಾಗವೂ ಸೆಕೆಂಡಿಗೆ 11 ಸಲ ಕುಗ್ಗಿ ಹಿಗ್ಗುತ್ತದೆ. ಗಾಳಿ ಇದ್ದಾಗಲೂ ಇದು ನಡೆಯುವುದೇ, ಆದರೆ ಬಾಗುವುದು ಅಲ್ಪ. ಗಾಳಿ ಇಲ್ಲದಾಗ ಬಾಗು ಹಲವು ಪಟ್ಟು ಹೆಚ್ಚು. ರಬ್ಬರು ಶಾಖವನ್ನು ಸುಲಭವಾಗಿ ಹೊರಗೆ ಬಿಡುವ ವಸ್ತುವೂ ಅಲ್ಲ. ಆದ್ದರಿಂದ ದಪ್ಪ ಗೋಡೆಯ ನಡುಭಾಗದಲ್ಲಿ ಬಿಸಿ ಏರುತ್ತಲೇ ಹೋಗುತ್ತದೆ.

ಬಿಸಿ ಏರಿದರೆ ಕೆಡುವುದು ಏನು? ಮೈಸೂರಿನ ಜನಕ್ಕೆ ವಿಕ್ರಾಂತ್ ಟೈರ್ಸ್ ಕಾರ್ಖಾನೆ ಪರಿಚಿತ. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಬಂತು. ಅಂಥ ಯಾವುದೇ ಕಾರ್ಖಾನೆಯಲ್ಲಿ ಗಂಧಕ ಬೆರೆಸಿದ ಹಸಿ ಟೈರನ್ನು ಅಚ್ಚಿನಲ್ಲಿಟ್ಟು 150 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಬೇಯಿಸುತ್ತಾರೆ. ರಬ್ಬರಿನ ಉದ್ದುದ್ದ ಅಣುಗಳ ನಡುವೆ ಗಂಧಕ ಸೇತುವೆ ಕಟ್ಟುತ್ತದೆ, ಅಂಟಂಟಾದ ಮುದ್ದೆ ಪುಟಿಯುವ ಟೈರಾಗುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ವಲ್ಕನೀಕರಣ ಇದೇ. ಬೆಂದದ್ದನ್ನು ಮತ್ತೆ ಅತಿಯಾಗಿ ಬೇಯಿಸಿದರೆ ಆ ಸೇತುವೆಗಳೇ ಮುರಿಯತೊಡಗುತ್ತವೆ. ಗೋಡೆಯೊಳಗಿನ ಪಾಲಿಯೆಸ್ಟರ್ ಅಥವಾ ರೇಯಾನ್ ದಾರಕ್ಕೂ ರಬ್ಬರಿಗೂ ಇರುವ ಬೆಸುಗೆ ಸಡಿಲವಾಗುತ್ತದೆ. ಹೊರಗಿನಿಂದ ನೋಡಿದರೆ ಟೈರು ಹೊಳೆಯುತ್ತಲೇ ಇರುತ್ತದೆ.

ಇಲ್ಲೇ ರನ್-ಫ್ಲಾಟಿನ ವಿಚಿತ್ರ ಇರುವುದು. ಯಾವ ಗುಣಕ್ಕಾಗಿ ಹೆಚ್ಚು ದುಡ್ಡು ಕೊಟ್ಟಿರೋ, ಆ ಗುಣವನ್ನು ಬಳಸಿಕೊಂಡ ದಿನವೇ ಟೈರಿನ ಆಯಸ್ಸು ಬಹುಪಾಲು ಮುಗಿದಂತೆ. ಗಾಳಿಯಿಲ್ಲದೆ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ 80 ಕಿ.ಮೀ. ಎಂದು ಸಾಮಾನ್ಯವಾಗಿ ಕಂಪನಿಗಳು ಹೇಳುತ್ತವೆ. ಅದು ಡ್ರಮ್ಮಿನ ಮೇಲೆ ಉರುಳಿಸಿ ನೋಡಿದ ಮಿತಿ. ಏಪ್ರಿಲ್ ಬಿಸಿಲಿನ ಡಾಂಬರು, ಐದು ಜನ, ಡಿಕ್ಕಿ ತುಂಬ ಸಾಮಾನು, ನಡುವೆ ಹಂಪು, ಹಳ್ಳ, ಇವೆಲ್ಲ ಆ ಮಿತಿಯನ್ನು ತಿನ್ನುತ್ತವೆ. ನಂಜನಗೂಡಿನಿಂದ ಮೈಸೂರಿಗೆ 25, ಟಿ. ನರಸೀಪುರದಿಂದ 30 ಕಿ.ಮೀ. ಆಸುಪಾಸು. ಎರಡೂ ಮಿತಿಯೊಳಗೇ ಇವೆ, ಕಾರು ತಲುಪುತ್ತದೆ. ಆದರೆ 30 ಕಿ.ಮೀ. ಎಂದರೆ ಗೋಡೆ 15,000 ಸಲ ಮಡಚಿ ಬಿಚ್ಚಿದ ಲೆಕ್ಕ. ಆಮೇಲೆ ಅಂಥ ಟೈರಿಗೆ ತೇಪೆ ಹಾಕಿಸುವ ಮಾತು ಬೇಡ.

ಎಲ್ಲ ಪಂಕ್ಚರೂ ಹೀಗಿರುವುದಿಲ್ಲ. ಮೊಳೆ ಚುಚ್ಚಿದ ಜಾಗದಲ್ಲಿ ರಬ್ಬರು ಮೊಳೆಯನ್ನೇ ಬಿಗಿಯಾಗಿ ಹಿಡಿದು, ಗಾಳಿ ದಿನಕ್ಕೆ ನಾಲ್ಕೈದು ಪಿಎಸ್ಐನಂತೆ ನಿಧಾನ ಇಳಿಯುವುದೇ ಹೆಚ್ಚು. ಡ್ಯಾಶ್‌ಬೋರ್ಡಿನ ಹಳದಿ ದೀಪ ಹತ್ತಿದಾಗ ಒಳಗೆ ಇನ್ನೂ ಸಾಕಷ್ಟು ಗಾಳಿ ಇರುತ್ತದೆ. ರನ್-ಫ್ಲಾಟ್ ಕಾರಿಗೆ ಈ ಒತ್ತಡ ತೋರಿಸುವ ವ್ಯವಸ್ಥೆ ಇರಲೇಬೇಕು. ಗಾಳಿ ಇಳಿದರೂ ಗೋಡೆ ಜೋಲು ಬೀಳದ ಕಾರಣ ಕಣ್ಣಿಗೆ ಗೊತ್ತಾಗುವುದಿಲ್ಲ. ದೀಪ ಕಂಡ ತಕ್ಷಣ ಹತ್ತಿರದ ಪೆಟ್ರೋಲ್ ಬಂಕಿನಲ್ಲೋ ಅದೇ ಪಂಕ್ಚರ್ ಅಂಗಡಿಯಲ್ಲೋ ನಿಲ್ಲಿಸಿ, ಮೊಳೆಯನ್ನು ಕೀಳದೆ ಗಾಳಿ ಹೊಡೆಸಬೇಕು. ಗಾಳಿ ನಿಂತರೆ ಮೈಸೂರಿನವರೆಗೆ ಟೈರು ಮಾಮೂಲಿ ಟೈರಿನಂತೆಯೇ ಓಡುತ್ತದೆ, ಗೋಡೆಗೆ ಶ್ರಮವಿಲ್ಲ. "ರನ್-ಫ್ಲಾಟ್ ಅಲ್ವಾ, ಏನಾಗಲ್ಲ" ಎಂದು ದೀಪವನ್ನು ಕಡೆಗಣಿಸಿ ಬಂದವರು ಒಂದು ಸಲ ಗಾಳಿ ಹೊಡೆಸುವ ಚಿಲ್ಲರೆ ಉಳಿಸಲು ಇಡೀ ಟೈರಿನ ಬೆಲೆ ತೆರುತ್ತಾರೆ.

ಹೀಗೆ ಗಾಳಿ ಇದ್ದೇ ಬಂದ ಟೈರನ್ನು ರಿಪೇರಿ ಮಾಡಬಹುದೇ ಎಂಬುದನ್ನು ತೀರ್ಮಾನಿಸಲು ಅದನ್ನು ಡಿಸ್ಕಿನಿಂದ ಬಿಚ್ಚಿ ಒಳಗೆ ನೋಡಲೇಬೇಕು. ಒಳಗೋಡೆಯಲ್ಲಿ ಸುತ್ತಲೂ ಸುಕ್ಕಿನ ಗೆರೆ, ನೀಲಿ ಛಾಯೆ, ಉಜ್ಜಿದ ಗುರುತು, ತಳದಲ್ಲಿ ಕರಿ ರಬ್ಬರಿನ ಪುಡಿ ಕಂಡರೆ ಅದು ಗಾಳಿಯಿಲ್ಲದೆ ಓಡಿದ ಟೈರು. ಯಜಮಾನರು ಏನೇ ಹೇಳಲಿ. ಒಳಗು ಶುಭ್ರವಾಗಿದ್ದು, ತೂತು 6 ಮಿಲಿಮೀಟರಿನೊಳಗೆ, ನೆಲ ಮುಟ್ಟುವ ಭಾಗದ ನಡುವೆ ಇದ್ದರೆ ದುರಸ್ತಿಯ ಮಾತಾಡಬಹುದು. ಭುಜದಲ್ಲಿ, ಪಕ್ಕದ ಗೋಡೆಯಲ್ಲಿ ಚುಚ್ಚಿದ್ದರೆ ಯಾವ ಟೈರಾದರೂ ಮುಗಿಯಿತು.

ದುರಸ್ತಿ ಎಂದರೆ ಹೊರಗಿನಿಂದ ಅಂಟಿನ ಸ್ಟ್ರಿಪ್ ತುರುಕುವುದಲ್ಲ. ಅದು ಗಾಳಿ ನಿಲ್ಲಿಸುತ್ತದೆ, ನಿಜ. ಆದರೆ ಟೈರಿನ ಒಳಪದರವನ್ನು ಮುಚ್ಚುವುದಿಲ್ಲ. ಸಂದಿನಲ್ಲಿ ಇಳಿದ ನೀರು ಉಕ್ಕಿನ ತಂತಿಪಟ್ಟಿಗೆ ತುಕ್ಕು ಹಿಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಏನಾಗಿದೆ ಎಂದು ಯಾರೂ ನೋಡಿರುವುದಿಲ್ಲ. ಸರಿಯಾದ ದುರಸ್ತಿಯಲ್ಲಿ ತೂತಿನ ಕಾಂಡವನ್ನು ತುಂಬುವ ರಬ್ಬರು, ಒಳಗಿನಿಂದ ಮುಚ್ಚುವ ತೇಪೆ ಎರಡೂ ಇರುತ್ತವೆ. ಅಣಬೆಯ ಆಕಾರದ್ದಾದ್ದರಿಂದ ಅಂಗಡಿಗಳಲ್ಲಿ ಮಶ್ರೂಮ್ ಪ್ಯಾಚ್ ಎನ್ನುತ್ತಾರೆ. ರನ್-ಫ್ಲಾಟ್ ಗೋಡೆ ಎಷ್ಟು ಬಿರುಸೆಂದರೆ ಸುತ್ತಿಗೆ, ಲಿವರ್ ಹಿಡಿದು ಬಿಚ್ಚಲು ಹೋದರೆ ಡಿಸ್ಕಿಗೆ ಕೂರುವ ಅಂಚೇ ಹರಿಯಬಹುದು. ಹೆಚ್ಚುವರಿ ಕೈ ಇರುವ ಟೈರ್ ಚೇಂಜರ್ ಯಂತ್ರ ಬೇಕು. ಅದಕ್ಕೇ ಮೈಸೂರಿನ ದೊಡ್ಡ ಅಂಗಡಿ. ರಸ್ತೆಬದಿಯವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ.

ಕಂಪನಿಗಳಲ್ಲಿ ಒಮ್ಮತವಿಲ್ಲ. ಕೆಲವರು ಷರತ್ತಿನ ಮೇಲೆ ಒಂದು ದುರಸ್ತಿಗೆ ಒಪ್ಪುತ್ತಾರೆ, ಕೆಲವರು ಕೂಡದೇ ಕೂಡದು ಎನ್ನುತ್ತಾರೆ. ಟೈರಿನ ಪಕ್ಕದಲ್ಲಿ ಬ್ರಿಡ್ಜ್‌ಸ್ಟೋನ್ ಆದರೆ ಆರ್‌ಎಫ್‌ಟಿ, ಮಿಶೆಲಿನ್ ಆದರೆ ಝಡ್‌ಪಿ, ಕಾಂಟಿನೆಂಟಲ್ ಆದರೆ ಎಸ್‌ಎಸ್‌ಆರ್, ಗುಡ್‌ಇಯರ್ ಆದರೆ ಆರ್‌ಒಎಫ್ ಎಂಬ ಅಕ್ಷರಗಳಿರುತ್ತವೆ. ಅದನ್ನು ನೋಡಿ ಆಯಾ ಕಂಪನಿಯ ನಿಯಮ ಕೇಳಬೇಕು. ಟೈರು ಮಾರುವವರು ಎಲ್ಲಕ್ಕೂ ಬದಲಾವಣೆಯನ್ನೇ ಹೇಳುವುದರಲ್ಲಿ ವ್ಯಾಪಾರವೂ ಇದೆ, ಒಳಗಿನ ಹಾನಿ ಕಣ್ಣಿಗೆ ಬೀಳದೆ ಇರಬಹುದೆಂಬ ಭಯವೂ ಇದೆ. ಎರಡನೆಯದನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಬಂಡೀಪುರದ ಒಳಗೆ ದೀಪ ಹತ್ತಿದರೆ ಮಾತ್ರ ಲೆಕ್ಕ ಬೇರೆ. 2009ರಿಂದ ಈ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆನೆ ದಾಟುವ ಜಾಗದಲ್ಲಿ ಇಳಿದು ಟೈರು ನೋಡುತ್ತ ನಿಲ್ಲುವುದು ಜಾಣತನವಲ್ಲ. ಅಲ್ಲಿ ನಿಧಾನವಾಗಿ ಓಡಿಸಿಕೊಂಡು ಕಾಡು ದಾಟಿ, ಟೈರಿನ ಆಸೆ ಬಿಡಬೇಕು. ಅದನ್ನು ಮಾಡಿಸಿರುವುದೇ ಅಂಥ ಹೊತ್ತಿಗಾಗಿ.

ಬದಲಿಸುವುದೇ ಆದರೆ ಒಂದೇ ಆಕ್ಸಲ್ಲಿನ ಒಂದು ಕಡೆ ರನ್-ಫ್ಲಾಟ್, ಇನ್ನೊಂದು ಕಡೆ ಮಾಮೂಲಿ ಹಾಕಿಸಬಾರದು. ಕಾರು ಎರಡು ಬಗೆಯಾಗಿ ತಿರುಗುತ್ತದೆ. ಜೋಡಿಯ ಇನ್ನೊಂದು ಟೈರು ಹೆಚ್ಚು ಸವೆದಿದ್ದರೆ ಎರಡನ್ನೂ ಹೊಸದಾಗಿಸುವುದು ಮೇಲು. ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರದ ಮಾಲು. ಅಷ್ಟು ಹಳೆಯದಕ್ಕೆ ದುರಸ್ತಿಯ ಚರ್ಚೆಯೇ ವ್ಯರ್ಥ. ಗಡುಸು ಸವಾರಿಗೆ ಬೇಸತ್ತು ನಾಲ್ಕನ್ನೂ ಮಾಮೂಲಿ ಟೈರಿಗೆ ಬದಲಿಸುವವರೂ ಇದ್ದಾರೆ. ಟ್ಯೂಬ್‌ಲೆಸ್ ಟೈರು, ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಬೇಡ ಎಂದು 2020ರ ತಿದ್ದುಪಡಿಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಮೈಸೂರು–ನಂಜನಗೂಡು–ನರಸೀಪುರದೊಳಗೆ ಓಡಾಡುವವರಿಗೆ ಕಿಟ್ಟು, ಒಂದು ಸಣ್ಣ ಗಾಳಿ ಪಂಪು ಸಾಕು. ವಾರವಾರ ಕಾಡು ದಾಟಿ ಸುಲ್ತಾನ್ ಬತ್ತೇರಿಗೆ ಹೋಗುವವರಿಗೆ ನಾನು ಹಾಗೆ ಹೇಳಲಾರೆ.