ಮೌಸಿನ ಬಾಣಕ್ಕೊಂದು ಕಡಿವಾಣ

ಗದಗ-ಬೆಟಗೇರಿ ಮಗ್ಗಕ್ಕೂ ಮುದ್ರಣಕ್ಕೂ ಹೆಸರಾದ ಜೋಡಿ ಊರು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಡೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದಾಗ ಬೆನ್ನಿಗೇ ಮೌಸೂ ಬಂತು. ಈಗ ಲಗ್ನಪತ್ರಿಕೆಯ ಅಂಚಿಗೆ ಮನೆಯ ಕಂಪ್ಯೂಟರಿನಲ್ಲೇ ಗೆರೆ ಎಳೆಯಬಹುದು. ಆದರೆ ಬಾಣ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಕೈಯನ್ನು ಬೈಯುವ ಮೊದಲು ಸೆಟ್ಟಿಂಗ್ ನೋಡಬೇಕು.

ಡಗ್ಲಸ್ ಎಂಗೆಲ್‌ಬಾರ್ಟ್ ತಂಡ 1964ರಲ್ಲಿ ಮಾಡಿದ ಮೊದಲ ಮೌಸ್ ಎರಡು ಗಾಲಿಯ ಮರದ ಡಬ್ಬಿ. ಆಮೇಲೆ ಗುಂಡಿನ ಮೌಸ್ ಬಂತು; ಹತ್ತಿಯ ನಾರು, ಧೂಳು ಒಳಗೆ ಸೇರಿ ಅದು ತೊಡರುತ್ತಿತ್ತು. ಇಂದಿನದರ ಹೊಟ್ಟೆಯಲ್ಲಿ ಪುಟ್ಟ ದೀಪ, ಪುಟ್ಟ ಕ್ಯಾಮೆರಾ. ಮೇಜಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಹಿಂದಿನ ಚಿತ್ರಕ್ಕೆ ಹೋಲಿಸಿ, ಎತ್ತ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಕ್ಯಾಲೆಂಡರಿನ ಮೇಲೆ ಗಾಜು ಹಾಸಿದ ಮೇಜಿನಲ್ಲಿ ಬಾಣ ಕುಣಿಯುವುದು ಇದಕ್ಕೇ: ನುಣುಪು ಗಾಜಿನಲ್ಲಿ ಗುರುತು ಹಿಡಿಯಲು ಏನೂ ಇಲ್ಲ. ಒಂದು ಬಿಳಿ ಹಾಳೆ ಹಾಸಿದರೆ ಸಾಕು.

ನಿಜವಾದ ತಂಟೆ ವೇಗವರ್ಧನೆಯದು. 1000 ಡಿಪಿಐ ಮೌಸನ್ನು ಒಂದು ಇಂಚು ಸರಿಸಿದರೆ 1000 ಎಣಿಕೆ ಹೋಗುತ್ತದೆ. ನೇರ ಲೆಕ್ಕದಲ್ಲಿ ಅಷ್ಟೇ ಪಿಕ್ಸೆಲ್. 1920 ಪಿಕ್ಸೆಲ್ ಅಗಲದ ಪರದೆ ದಾಟಲು ಎರಡು ಇಂಚೂ ಬೇಡ. ಆದರೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಚಾಲೂ ಇರುವ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬ ಸೆಟ್ಟಿಂಗ್ ಕೈಯ ವೇಗವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದೇ ಒಂದು ಇಂಚನ್ನು ಜೋರಾಗಿ ಸರಿಸಿದರೆ ಬಾಣ ಇನ್ನೂ ದೂರ ಓಡುತ್ತದೆ, ಮೆಲ್ಲಗೆ ಸರಿಸಿದರೆ ಕಡಿಮೆ. ಫೈಲು ತೆರೆಯುವವರಿಗೆ ಇದು ಅನುಕೂಲವೇ. ಗೆರೆ ಎಳೆಯುವವರಿಗೆ ಮಾತ್ರ ಕೈಗೆ ಅಳತೆಯೇ ಕೂರುವುದಿಲ್ಲ. ಅವರು ಇದನ್ನು ತೆಗೆದುಹಾಕುವುದೇ ಲೇಸು. ನಾಲ್ಕು ದಿನ ಬಾಣ ಜಡ ಅನ್ನಿಸೀತು, ಅನ್ನಿಸಲಿ.

ಮನೆಯ ಹಿರಿಯರ ಕಷ್ಟ ಬೇರೆ. ಡಬಲ್ ಕ್ಲಿಕ್ಕಿನ ಎರಡು ಒತ್ತುಗಳ ನಡುವೆ ವಿಂಡೋಸ್ ಕೊಡುವುದು ಅರ್ಧ ಸೆಕೆಂಡು. ಅದನ್ನು ಹಿಗ್ಗಿಸಬಹುದು. ಆದರೂ ಕೈ ನಡುಗಿ ನಡುವೆ ಬಾಣ ತುಸು ಅಲುಗಿದರೆ ಅದನ್ನು ಡಬಲ್ ಕ್ಲಿಕ್ ಎಂದು ಯಂತ್ರ ಒಪ್ಪುವುದಿಲ್ಲ. ಅಂಥವರು ಒಮ್ಮೆ ಒತ್ತಿ ಎಂಟರ್ ಕೀಲಿ ಹೊಡೆಯಲಿ, ಕೆಲಸ ಆಗುತ್ತದೆ.

ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಮುಟ್ಟಲು ಹೊತ್ತು ಹೆಚ್ಚು ಎಂದು ಪಾಲ್ ಫಿಟ್ಸ್ 1954ರಲ್ಲೇ ಸೂತ್ರ ಬರೆದಿದ್ದರು. ಹಾಗಾಗಿ ಡೆಸ್ಕ್‌ಟಾಪ್‌ನಲ್ಲಿ ಕಂಟ್ರೋಲ್ ಕೀಲಿ ಹಿಡಿದು ಮೌಸಿನ ಗಾಲಿ ತಿರುಗಿಸಿ ಐಕಾನ್ ದೊಡ್ಡದು ಮಾಡಿದರೂ ಅರ್ಧ ತೊಂದರೆ ನೀಗುತ್ತದೆ.

ಎಡಚರು ಎರಡು ಗುಂಡಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಮತ್ತೆ ಮೊದಲಿನಂತೆ ಮಾಡಲು ಹೊರಟಾಗ ಮಾತ್ರ ಬಲಗುಂಡಿಯನ್ನೇ ಒತ್ತಬೇಕು. ರೂಢಿಯಂತೆ ಎಡಗುಂಡಿ ಒತ್ತಿದವರಿಗೆ ಸೆಟ್ಟಿಂಗ್ ಬದಲಾಗುವುದಿಲ್ಲ.