ಹಂಗೇರಿಯ ಚಿತ್ರನಿರ್ದೇಶಕ ಕೆರ್ತೇಸ್ ಮಿಹಾಯ್

ನಾಟ್ಯಕ್ಕೆ ಮಾತೇ ಶರೀರವೆಂಬುದು ಭರತಮುನಿಯ ಮತ. ಆಂಗಿಕ, ಆಹಾರ್ಯ, ಸಾತ್ತ್ವಿಕಗಳೆಂಬ ಉಳಿದ ಮೂರು ಅಭಿನಯಗಳೂ ವಾಕ್ಯಾರ್ಥವನ್ನೇ ವ್ಯಂಜಿಸುವುವಾದುದರಿಂದ, ಪ್ರಯೋಗವನ್ನು ನಡೆಯಿಸುವವನು ಮೊದಲು ವಾಚಿಕದಲ್ಲಿ ಯತ್ನವನ್ನು ಮಾಡತಕ್ಕದ್ದೆಂದು ಆತನು ವಿಧಿಸಿರುವನು. ಈ ಮತಕ್ಕೆ ವಿರೋಧವೆಂಬಂತೆ ತೋರುವ ನಿದರ್ಶನವೊಂದು ಚಲಚ್ಚಿತ್ರಗಳ ಇತಿಹಾಸದಲ್ಲಿ ದೊರೆಯುತ್ತದೆ. ಇಂಗ್ಲಿಷ್ ವಾಕ್ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲಿ 'ಕಾಸಾಬ್ಲಾಂಕಾ' ಒಂದು. ಅದರ ಸಂಭಾಷಣೆಗಳು ಇಂದಿಗೂ ಜನರ ಬಾಯಲ್ಲಿವೆ. ಆದರೆ ಅದನ್ನು ನಿರ್ದೇಶಿಸಿದವನು ಆ ಭಾಷೆಯನ್ನು ಕಡೆಯವರೆಗೂ ತಪ್ಪಿಲ್ಲದೆ ಆಡಲಾರದೆ ಹೋದ ಒಬ್ಬ ಹಂಗೇರಿಯನ್ನನು. ಅಮೆರಿಕದಲ್ಲಿ ಮೈಕೆಲ್ ಕರ್ಟಿಜ್ ಎಂದು ಖ್ಯಾತನಾದ ಈತನು ಕಲಾವಿದನೇ, ಅಥವಾ ಇತರರು ಬರೆದುಕೊಟ್ಟುದನ್ನು ನಿಪುಣತೆಯಿಂದ ಚಿತ್ರಿಸಿಕೊಟ್ಟ ಕರ್ಮಕುಶಲನು ಮಾತ್ರವೇ ಎಂಬ ವಿವಾದವು ಆತನ ಮರಣಾನಂತರವೂ ನಡೆದುಬಂದಿದೆ. ಈ ಪ್ರಶ್ನೆಗೆ ಉತ್ತರವನ್ನು ಹಾಲಿವುಡ್ಡಿನಲ್ಲಿ ಮಾತ್ರ ಹುಡುಕಿದರೆ ಸಾಲದು, ಆತನು ಹಂಗೇರಿಯಲ್ಲಿ ಕಳೆದ ಮೊದಲ ವರ್ಷಗಳನ್ನೂ ನೋಡಬೇಕೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

ಹಂಗೇರಿಯನ್ನರಲ್ಲಿ ಕುಲನಾಮವು ಮೊದಲು, ಸ್ವನಾಮವು ಆಮೇಲೆ ಬರುವ ಸಂಪ್ರದಾಯವುಂಟು. ಅದರಂತೆ ಈತನ ಜನ್ಮನಾಮ ಕಾಮಿನೆರ್ ಮಾನೋ. 1886ನೆಯ ಡಿಸೆಂಬರಿನಲ್ಲಿ ಬುಡಾಪೆಸ್ಟ್ ನಗರದ ಒಂದು ಯೆಹೂದಿ ಕುಟುಂಬದಲ್ಲಿ ಈತನ ಜನನವಾಯಿತು. ಆ ಕಾಲದಲ್ಲಿ ಯೆಹೂದ್ಯರು ತಮ್ಮ ಜರ್ಮನ್ ಛಾಯೆಯ ಹೆಸರುಗಳನ್ನು ತ್ಯಜಿಸಿ ಶುದ್ಧ ಹಂಗೇರಿಯನ್ ಹೆಸರುಗಳನ್ನು ಇಟ್ಟುಕೊಳ್ಳುತ್ತಿದ್ದುದು ಸಾಮಾನ್ಯವಾಗಿದ್ದಿತು. ಈತನೂ 1905ರಲ್ಲಿ ಕೆರ್ತೇಸ್ ಮಿಹಾಯ್ ಆದನು. ಕೆರ್ತೇಸ್ ಎಂದರೆ ತೋಟಗಾರ. ಅಮೆರಿಕದಲ್ಲಿ ಈ ಪದವೇ ಕರ್ಟಿಜ್ ಎಂದು ರೂಪಾಂತರ ಹೊಂದಿತು. ದೇಶಾಂತರವಾದಂತೆಲ್ಲ ನಾಮಾಂತರವನ್ನು ಪಡೆದ ಮನುಷ್ಯನ ಕೃತಿಗಳನ್ನು ಒಬ್ಬನವೇ ಎಂದು ಗುರುತಿಸುವುದು ಗ್ರಂಥಸೂಚಿಗಳನ್ನು ರಚಿಸುವವರಿಗೆ ಎಷ್ಟು ಕಷ್ಟವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಬುಡಾಪೆಸ್ಟಿನ ರಾಜಕೀಯ ನಾಟ್ಯಶಾಲೆಯಲ್ಲಿ ವ್ಯಾಸಂಗ ಮಾಡಿ ಕೆರ್ತೇಸನು ನಟನಾಗಿ ರಂಗಭೂಮಿಯನ್ನು ಪ್ರವೇಶಿಸಿದನು. 1912ರಲ್ಲಿ ಹೊರಬಂದ 'ಇಂದು ಮತ್ತು ನಾಳೆ' ಎಂಬರ್ಥದ ಚಿತ್ರವನ್ನು ಹಂಗೇರಿಯ ಮೊದಲನೆಯ ಕಥಾಚಿತ್ರವೆಂದು ಗಣಿಸುತ್ತಾರೆ. ಅದರ ನಿರ್ದೇಶಕನೂ ನಟರಲ್ಲಿ ಒಬ್ಬನೂ ಈತನೇ. ಮರುವರ್ಷ ಡೆನ್ಮಾರ್ಕಿಗೆ ಹೋಗಿ ಅಲ್ಲಿನ ನಾರ್ಡಿಸ್ಕ್ ಸಂಸ್ಥೆಯಲ್ಲಿ ಕೆಲಸ ಕಲಿತನು. ಜರ್ಮನ್ ಗ್ರಂಥಕರ್ತ ಹೌಪ್ಟ್‌ಮನ್ನನ ಕಾದಂಬರಿಯನ್ನು ಆಶ್ರಯಿಸಿ ಆಗುಸ್ಟ್ ಬ್ಲೋಮನು ನಿರ್ದೇಶಿಸಿದ 'ಅಟ್ಲಾಂಟಿಸ್' ಚಿತ್ರದಲ್ಲಿ ಪಾತ್ರವನ್ನೂ ವಹಿಸಿದನು, ನಿರ್ದೇಶನಕ್ಕೆ ಸಹಾಯವನ್ನೂ ಮಾಡಿದನು. ಡೇನಿಷ್ ಭಾಷೆಯ ದೇಶಕ್ಕೆ ಹೋದ ಹಂಗೇರಿಯನ್ ನಟನಿಗೆ ಅಲ್ಲಿ ಕೆಲಸ ದೊರೆತುದಕ್ಕೆ ಚಿತ್ರವು ಮೂಕವಾಗಿದ್ದುದೇ ಕಾರಣ. ಈ ಸಂಗತಿಯು ಅಲ್ಪವೆಂದು ತೋರಿದರೂ ಮುಂದಿನ ವಿಚಾರಕ್ಕೆ ಮೂಲವಾದುದು.

ಡೆನ್ಮಾರ್ಕಿನಿಂದ ಹಿಂದಿರುಗಿದ ಬಳಿಕ ಕೆರ್ತೇಸನಿಗೆ ಆಶ್ರಯವಿತ್ತವನು ಟ್ರಾನ್ಸಿಲ್ವೇನಿಯದ ಕೊಲೊಜ್ವಾರ್ ನಗರದ ನಾಟಕಶಾಲೆಯ ಅಧ್ಯಕ್ಷನಾಗಿದ್ದ ಯಾನೊವಿಚ್ ಯೆನೋ. (ಈ ನಗರವು ಮೊದಲನೆಯ ಮಹಾಯುದ್ಧಾನಂತರ ರುಮೇನಿಯಕ್ಕೆ ಸೇರಿತು, ಈಗಿನ ಹೆಸರು ಕ್ಲೂಜ್.) ಯಾನೊವಿಚ್ಚನು ವಿದ್ವಾಂಸ, ನಟ, ನಾಟಕಾಭಿಮಾನಿ. ತನ್ನ ದೇಶದ ಶ್ರೇಷ್ಠ ನಾಟಕಗಳನ್ನು ಚಿತ್ರರೂಪದಲ್ಲಿ ಜನರಿಗೆ ತೋರಿಸಬೇಕೆಂಬುದು ಆತನ ಹಂಬಲವಾಗಿದ್ದಿತು. 1914ರಲ್ಲಿ ಆತನ ಪ್ರೇರಣೆಯಿಂದ ಕೆರ್ತೇಸನು 'ಬಾಂಕ್ ಬಾನ್' ಎಂಬ ಚಿತ್ರವನ್ನು ನಿರ್ದೇಶಿಸಿದನು. ಇದಕ್ಕೆ ಮೂಲವು ಕಾತೊನಾ ಯೋಜೆಫನ ನಾಟಕ. ಹದಿಮೂರನೆಯ ಶತಮಾನದ ಆರಂಭದಲ್ಲಿ, ದೊರೆಯು ದೂರದೇಶಕ್ಕೆ ಹೋಗಿರುವಾಗ ವಿದೇಶೀಯರ ಪಕ್ಷಪಾತಿಯಾದ ರಾಣಿಯಿಂದ ರಾಜ್ಯವೂ ತನ್ನ ಪತ್ನಿಯ ಮಾನವೂ ಕೆಟ್ಟುದನ್ನು ಕಂಡು ಬಾಂಕನೆಂಬ ರಾಜಪ್ರತಿನಿಧಿಯು ಆ ರಾಣಿಯನ್ನು ಕೊಂದ ಕಥೆಯದು. ಹಂಗೇರಿಯನ್ನರಿಗೆ ಅದು ರಾಷ್ಟ್ರೀಯ ನಾಟಕ. ಪಾಠಶಾಲೆಗಳಲ್ಲಿ ವಿದ್ಯಾರ್ಥಿಗಳು ಓದುವ ಕೃತಿ. ಕೆರ್ತೇಸನ ಚಿತ್ರವಾದರೋ ನಷ್ಟವಾಗಿದೆ.

ಅದೇ ವರ್ಷ, ಅದೇ ನಗರದಲ್ಲಿ ನಿರ್ಮಿತವಾದ 'ಅ ತೊಲೊಂತ್ಸ್' ಎಂಬ ಇನ್ನೊಂದು ಚಿತ್ರವು ಭಾಗ್ಯವಶದಿಂದ ಉಳಿದಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಅದರ ಪ್ರತಿಯೊಂದು ನ್ಯೂಯಾರ್ಕ್ ನಗರದ ಹಂಗೇರಿಯನ್ ಸಮಾಜಗೃಹದ ನೆಲಮಾಳಿಗೆಯಲ್ಲಿ ದೊರೆತು, ಬುಡಾಪೆಸ್ಟಿನಲ್ಲಿ ಜೀರ್ಣೋದ್ಧಾರ ಹೊಂದಿತು. ತೊಲೊಂತ್ಸ್ ಎಂದರೆ ಅಧಿಕಾರಿಗಳು ನಗರದಿಂದ ಹೊರಡಿಸಿ ಸ್ವಗ್ರಾಮಕ್ಕೆ ಅಟ್ಟಿದ ವ್ಯಕ್ತಿ. ತನ್ನ ತಾಯಿಯು ಪತಿಹತ್ಯೆಯ ಅಪರಾಧಕ್ಕಾಗಿ ಸೆರೆಯಲ್ಲಿರುವಳೆಂಬುದನ್ನು ತಿಳಿಯದೆ ಬೆಳೆದ ಹುಡುಗಿಯೊಬ್ಬಳು ನಗರದಲ್ಲಿ ದಾಸಿಯಾಗುತ್ತಾಳೆ. ಆ ಮನೆಯ ಮಗನಲ್ಲಿ ಅನುರಕ್ತಳಾಗುತ್ತಾಳೆ. ಕಳ್ಳತನದ ಮಿಥ್ಯಾರೋಪಕ್ಕೆ ಗುರಿಯಾಗಿ ಹೊರಗೆ ಅಟ್ಟಲ್ಪಡುತ್ತಾಳೆ. ಇತ್ತ ಸೆರೆಯಿಂದ ಬಿಡುಗಡೆಯಾದ ತಾಯಿಯು ಮಗಳನ್ನು ಅರಸುತ್ತ ಬರುತ್ತಾಳೆ. ಮೂಲವು ಜನಪ್ರಿಯವಾದ ಒಂದು ಗ್ರಾಮೀಣ ನಾಟಕ. ಕಥಾವಸ್ತುವಿನಲ್ಲಿ ಹೊಸದೇನೂ ಇಲ್ಲ, ಕಣ್ಣೀರು ಬೇಕಾದಷ್ಟಿದೆ. ಆದರೆ ಪ್ರಯೋಗವು ವಿಚಾರಾರ್ಹವಾಗಿದೆ. ಮಗಳಾಗಿ ಬೆರ್ಕಿ ಲಿಲಿಯೂ, ತಾಯಿಯಾಗಿ ಆ ದೇಶದ ರಂಗಭೂಮಿಯ ಮಹಾನಟಿ ಯಾಸಾಯ್ ಮಾರಿಯೂ ಅಭಿನಯಿಸಿರುವರು. ದುಃಖಾಂತ ನಾಟಕಗಳ ಉದಾತ್ತ ಭಾಷಣಗಳಿಂದ ಕೀರ್ತಿಯನ್ನು ಗಳಿಸಿದ ಅರವತ್ತಕ್ಕೂ ಮೀರಿದ ವಯಸ್ಸಿನ ನಟಿಯ ಕೈಯಿಂದ ಮಾತನ್ನು ಕಿತ್ತುಕೊಂಡು, ಅಂಗೋಪಾಂಗಗಳನ್ನಷ್ಟೇ ಉಳಿಸಿ, ಬೆಟ್ಟಹೊಲಗಳ ನಿಜವಾದ ಬಯಲಿನಲ್ಲಿ ನಿಲ್ಲಿಸುವುದು ಸುಲಭಸಾಧ್ಯವಾದ ಕೆಲಸವಲ್ಲ. ವಾಚಿಕವಿಲ್ಲದೆ ಕಥೆಯನ್ನು ನಿರ್ವಹಿಸುವ ವಿದ್ಯೆಯನ್ನು ಕೆರ್ತೇಸನು ಇಂತಹ ಪ್ರಯೋಗಗಳಿಂದ ಸಂಪಾದಿಸಿದನು.

1912ರಿಂದ 1919ರವರೆಗೆ ಈತನು ಸ್ವದೇಶದಲ್ಲಿ ನಿರ್ಮಿಸಿದ ಚಿತ್ರಗಳು ನಲವತ್ತರಷ್ಟು. ಉಳಿದಿರುವುವು ಬೆರಳೆಣಿಕೆಯವು. ಗುಣವರ್ಮನ 'ಶೂದ್ರಕ', 'ಹರಿವಂಶ'ಗಳನ್ನು ಸಂಕಲನಗ್ರಂಥಗಳಲ್ಲಿ ಉಳಿದ ಪದ್ಯಗಳಿಂದ ಊಹಿಸಿಕೊಳ್ಳುವ ನಮಗೆ ಈ ಸ್ಥಿತಿಯು ಅಪರಿಚಿತವಲ್ಲ. ಆದರೆ ನಷ್ಟಚಿತ್ರಕ್ಕೆ ಉದ್ಧೃತಪದ್ಯಗಳೂ ಇರುವುದಿಲ್ಲವಾದುದರಿಂದ ಚಿತ್ರವಿಮರ್ಶಕನ ಕಷ್ಟವು ಇನ್ನೂ ಅಧಿಕ. ಯುದ್ಧದ ಆರಂಭದಲ್ಲಿ ಕೆರ್ತೇಸನು ಸೈನ್ಯಕ್ಕೆ ಸೇರಿ, ಕೆಲಕಾಲಾನಂತರ ಮತ್ತೆ ಚಿತ್ರೋದ್ಯಮಕ್ಕೆ ಬಂದು, 1917ರಲ್ಲಿ ಫೀನಿಕ್ಸ್ ಸಂಸ್ಥೆಯ ಪ್ರಧಾನ ನಿರ್ದೇಶಕನಾದನು. ಆತನ ಸ್ಪರ್ಧಿಯಾಗಿದ್ದ ಕೋರ್ಡಾ ಶಾಂದೋರ್ ಅದೇ ವರ್ಷ ಯಾನೊವಿಚ್ಚನ ಕೊರ್ವಿನ್ ಸಂಸ್ಥೆಯನ್ನು ಕೊಂಡನು. ಮುಂದೆ ಲಂಡನ್ನಿನಲ್ಲಿ ಈ ಕೋರ್ಡಾನ ಸಂಸ್ಥೆಯೇ ಮೈಸೂರು ಸೀಮೆಗೆ ಬಂದು 'ಎಲಿಫೆಂಟ್ ಬಾಯ್' (1937) ಚಿತ್ರಕ್ಕಾಗಿ ಕಾರಾಪುರದ ಬಾಲಕ ಸಾಬುವನ್ನು ಆರಿಸಿಕೊಂಡಿತು. ಅದರ ನಿರ್ದೇಶಕರಿಬ್ಬರಲ್ಲಿ ಒಬ್ಬನು ಕೋರ್ಡಾನ ತಮ್ಮನಾದ ಜೋಲ್ತಾನ್. ಬುಡಾಪೆಸ್ಟಿನ ಆ ಸಣ್ಣ ಗುಂಪಿನ ವಿದ್ಯೆಯು ಎಲ್ಲೆಲ್ಲಿಗೆ ಹರಿಯಿತೆಂಬುದಕ್ಕೆ ಇದೊಂದು ಸಾಕ್ಷ್ಯ.

1919ರಲ್ಲಿ ಹಂಗೇರಿಯಲ್ಲಿ ಸ್ಥಾಪಿತವಾಗಿ ನೂರ ಮೂವತ್ತಮೂರು ದಿನ ನಿಂತ ಸೋವಿಯತ್ ಸರ್ಕಾರವು ಚಿತ್ರೋದ್ಯಮವನ್ನು ರಾಷ್ಟ್ರದ ಸ್ವತ್ತಾಗಿ ಮಾಡಿಕೊಂಡಿತು. ಅದೇ ವರ್ಷ ಕೆರ್ತೇಸನು ಸ್ವದೇಶವನ್ನು ಬಿಟ್ಟು ವಿಯೆನ್ನಾ ನಗರವನ್ನು ಸೇರಿದನು. ಅಲ್ಲಿ ಕೌಂಟ್ ಕೊಲೊವ್ರಾಟನ ಸಾಶಾ ಸಂಸ್ಥೆಗಾಗಿ 'ಸೊದೋಮ್ ಮತ್ತು ಗೊಮೋರ' (1922), 'ದಾಸೀರಾಣಿ' ಎಂಬರ್ಥದ ಚಿತ್ರ (1924) ಮೊದಲಾದ ಭಾರಿ ಚಿತ್ರಗಳನ್ನು ನಿರ್ಮಿಸಿದನು. ಸಹಸ್ರಾರು ಜನರ ಸಮೂಹ, ಕೃತಕ ನಗರಗಳು, ಪ್ರಳಯಸದೃಶ ಧ್ವಂಸಗಳು: ಇವು ಆಹಾರ್ಯದ ಆಡಂಬರಗಳು, ರಸದೃಷ್ಟಿಯಿಂದ ಇವುಗಳ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಇದೇ 1924ರಲ್ಲಿ, ವಿಯೆನ್ನಾದಲ್ಲಿಯೇ ನಿರಾಶ್ರಿತನಾಗಿದ್ದ ಇನ್ನೊಬ್ಬ ಹಂಗೇರಿಯನ್, ಬಾಲಾಜ್ ಬೇಲಾ ಎಂಬ ಕವಿಯು, ಮುದ್ರಣಕಲೆಯಿಂದ ಅಕ್ಷರಗಳ ಹಿಂದೆ ಮರೆಯಾಗಿದ್ದ ಮನುಷ್ಯನ ಮುಖವು ಚಲಚ್ಚಿತ್ರದಿಂದ ಪುನಃ ಗೋಚರವಾಯಿತೆಂದು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದನು. ಆತನು ಶಾಸ್ತ್ರಕಾರ, ಕೆರ್ತೇಸನು ಪ್ರಯೋಕ್ತೃ.

ವಾರ್ನರ್ ಸಹೋದರರ ಆಹ್ವಾನದಂತೆ 1926ರಲ್ಲಿ ಈತನು ಅಮೆರಿಕಕ್ಕೆ ಹೋದನು. ಮರುವರ್ಷವೇ ಅದೇ ಸಂಸ್ಥೆಯು ಚಿತ್ರಕ್ಕೆ ಮಾತನ್ನು ಜೋಡಿಸಿತು. ಮಾತಿಲ್ಲದ ಚಿತ್ರದಲ್ಲಿ ಪಳಗಿದ ಪರದೇಶಿಗೆ ಇದಕ್ಕಿಂತ ದೊಡ್ಡ ಆಪತ್ತು ಯಾವುದು? ಅನೇಕ ಯೂರೋಪಿಯನ್ನರು ಆಗ ನೆಲೆ ತಪ್ಪಿದರು, ಈತನು ತಪ್ಪಲಿಲ್ಲ. 1929ರಲ್ಲಿ ಈತನನ್ನು ವಿವಾಹವಾದ ಬೆಸ್ ಮೆರೆಡಿತ್ ಎಂಬ ಚಿತ್ರಕಥಾಲೇಖಕಿಯು ಭಾಷೆಯ ವಿಷಯದಲ್ಲಿ ನೆರವಾದಳು. ಆದರೂ ಈತನ ಇಂಗ್ಲಿಷು ನಟರಿಗೆ ನಗೆಯ ವಸ್ತುವಾಗಿಯೇ ಉಳಿಯಿತು. ಸವಾರರಿಲ್ಲದ ಕುದುರೆಗಳನ್ನು ಓಡಿಸಿಕೊಂಡು ಬನ್ನಿರೆಂದು ಹೇಳಬೇಕಾದೆಡೆಯಲ್ಲಿ 'ಖಾಲಿ ಕುದುರೆ'ಗಳನ್ನು ತನ್ನಿರೆಂದು ಅಪ್ಪಣೆ ಮಾಡಿದನಂತೆ. ಡೇವಿಡ್ ನಿವೆನ್ ಎಂಬ ನಟನು 1975ರಲ್ಲಿ ಪ್ರಕಟಿಸಿದ ಸ್ಮೃತಿಗ್ರಂಥಕ್ಕೆ ಈ ಮಾತನ್ನೇ ಹೆಸರಾಗಿ ಇಟ್ಟನು. ಆ ಕುದುರೆಗಳ ಕಥೆಯು ನಗೆಯಲ್ಲಿ ಮುಗಿಯುವುದಿಲ್ಲ. 1936ರ ಆ ಯುದ್ಧಚಿತ್ರದಲ್ಲಿ ಕಾಲಿಗೆ ತಂತಿ ಕಟ್ಟಿ ಬೀಳಿಸಿದ್ದರಿಂದ ಅನೇಕ ಕುದುರೆಗಳು ಸತ್ತುವು. ಇದಕ್ಕೆ ಮುಂಚೆ 'ನೋವನ ನಾವೆ' (1928) ಚಿತ್ರದ ಜಲಪ್ರಳಯದ ದೃಶ್ಯಕ್ಕಾಗಿ ಜನಸಮೂಹದ ಮೇಲೆ ನಿಜವಾದ ನೀರನ್ನು ಬಿಟ್ಟುದರಿಂದ ಹಲವರು ಗಾಯಗೊಂಡರು. ಛಾಯಾಗ್ರಾಹಕ ಹಾಲ್ ಮೋರನು ಇದನ್ನು ಪ್ರತಿಭಟಿಸಿ ಆ ಕೆಲಸವನ್ನೇ ಬಿಟ್ಟನು. ರಸಕ್ಕಾಗಿ ಜೀವವನ್ನು ಪಣವಾಗಿಡುವ ಅಧಿಕಾರವು ಯಾವ ಸೂತ್ರಧಾರನಿಗೂ ಇಲ್ಲ. ಈತನ ಕಲೆಯನ್ನು ಪ್ರಶಂಸಿಸುವವರು ಈ ಕ್ರೌರ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ.

ಇನ್ನು ಪೂರ್ವಪಕ್ಷವನ್ನು ನೋಡೋಣ. ನಿರ್ದೇಶಕನೇ ಚಿತ್ರದ ಕರ್ತೃವೆಂಬ ವಾದವನ್ನು ಅಮೆರಿಕದಲ್ಲಿ ಪ್ರಚುರಪಡಿಸಿದ ಆಂಡ್ರ್ಯೂ ಸ್ಯಾರಿಸನು 1968ರ ತನ್ನ ಗ್ರಂಥದಲ್ಲಿ ಕರ್ಟಿಜನನ್ನು ಶ್ರೇಷ್ಠರ ಪಂಕ್ತಿಯಲ್ಲಿ ಸೇರಿಸಲಿಲ್ಲ. 'ಕಾಸಾಬ್ಲಾಂಕಾ'ದ ಗುಣವನ್ನು ಆಕಸ್ಮಿಕವೆಂದೂ ತನ್ನ ವಾದಕ್ಕೆ ಅಪವಾದವೆಂದೂ ಎಣಿಸಿದನು. ಈತನು ಕಡಲುಗಳ್ಳರ ಕಥೆ, ಸಂಗೀತ, ಅಪರಾಧ, ಹಾಸ್ಯ ಎಲ್ಲವನ್ನೂ ಚಿತ್ರಿಸಿದನು; ವಾರ್ನರ್ ಸಂಸ್ಥೆಯೊಂದಕ್ಕೇ ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿಕೊಟ್ಟನು; ತನ್ನದೆಂಬ ವಸ್ತುವಾಗಲಿ ದರ್ಶನವಾಗಲಿ ಇವನಿಗಿಲ್ಲ ಎಂಬುದು ಆಕ್ಷೇಪದ ಸಾರ.

ವಸ್ತುವಿನ ಐಕ್ಯವಿಲ್ಲವೆಂಬುದನ್ನು ಒಪ್ಪಬಹುದು. ಆದರೆ ಉಕ್ತಿಕ್ರಮದ ಐಕ್ಯವು ಸ್ಪಷ್ಟವಾಗಿದೆ. 'ರಾಬಿನ್ ಹುಡ್' (1938) ಚಿತ್ರದ ಅಂತ್ಯದ ಖಡ್ಗಯುದ್ಧದಲ್ಲಿ ವೀರರಿಬ್ಬರೂ ಒಮ್ಮೆ ದೃಷ್ಟಿಪಥದಿಂದ ಸರಿದು, ಅವರ ಬೃಹತ್ತಾದ ನೆರಳುಗಳು ಮಾತ್ರ ಕೋಟೆಯೊಳಗಿನ ಕಂಬದ ಮೇಲೆ ಕಾದಾಡುತ್ತವೆ. 'ಕಾಸಾಬ್ಲಾಂಕಾ'ದಲ್ಲಿ ನಾಯಕನು ಹಣದ ಪೆಟ್ಟಿಗೆಯನ್ನು ತೆರೆಯುವುದನ್ನು ಗೋಡೆಯ ಮೇಲಿನ ನೆರಳಿನಿಂದಲೇ ತಿಳಿಯುತ್ತೇವೆ. ಇದು ಛಾಯಾಗ್ರಾಹಕರ ಗುಣವೇಕಾಗಬಾರದೆಂದು ಶಂಕಿಸಿದರೆ, ಮೊದಲನೆಯದರಲ್ಲಿ ಗೌಡಿಯೋ ಮತ್ತು ಪೊಲಿಟೋ, ಎರಡನೆಯದರಲ್ಲಿ ಎಡಿಸನ್ ಎಂಬವನು. ಅವರು ಬದಲಾದರೂ ನೆರಳು ಬದಲಾಗಲಿಲ್ಲ. ಅನ್ವಯದಿಂದ ಇದು ನಿರ್ದೇಶಕನದೇ ಎಂದು ಸಾಧಿತವಾಗುತ್ತದೆ.

ಈ ನೆರಳು ಅಲಂಕಾರಮಾತ್ರವೇ? 'ಏಂಜೆಲ್ಸ್ ವಿತ್ ಡರ್ಟಿ ಫೇಸಸ್' (1938) ಎಂಬ ಚಿತ್ರದ ಕೊನೆಯನ್ನು ನೋಡಬೇಕು. ರಾಕಿ ಎಂಬ ದುಷ್ಕರ್ಮಿಗೆ ಮರಣದಂಡನೆಯಾಗಿದೆ. ಬೀದಿಯ ಹುಡುಗರು ಆತನನ್ನು ಶೂರನೆಂದು ಆರಾಧಿಸುತ್ತಾರೆ. ಆ ಹುಡುಗರು ಕೆಡಬಾರದೆಂದು, ಬಾಲ್ಯಮಿತ್ರನಾದ ಪಾದ್ರಿಯು ಕಡೆಯ ಘಳಿಗೆಯಲ್ಲಿ ಬಂದು, ನೀನು ಹೇಡಿಯಂತೆ ಸಾಯಬೇಕೆಂದು ಬೇಡುತ್ತಾನೆ. ಸ್ವಾಭಿಮಾನಿಯಾದ ರಾಕಿಯು ನಿರಾಕರಿಸಿ ನಿರ್ಭಯನಾಗಿ ನಡೆಯುತ್ತಾನೆ. ಅನಂತರ ಒಮ್ಮೆಗೇ ಆರ್ತನಾದ. ಏನನ್ನೋ ಭದ್ರವಾಗಿ ಹಿಡಿದುಕೊಂಡ ಕೈಗಳು. ಗೋಡೆಯ ಮೇಲೆ ಎಳೆದಾಟದ ನೆರಳು. ಆತನ ಮುಖವನ್ನು ಮಾತ್ರ ನಿರ್ದೇಶಕನು ತೋರಿಸುವುದಿಲ್ಲ. ಆ ಭಯವು ಮಿತ್ರನಿಗಾಗಿ ನಟಿಸಿದ್ದೋ, ನಿಜವಾದುದೋ? ಮುಖವನ್ನು ತೋರಿಸಿದ್ದರೆ ಸಾತ್ತ್ವಿಕಭಾವವು ವ್ಯಕ್ತವಾಗಿ ಸಂಶಯವು ನಿವೃತ್ತವಾಗುತ್ತಿದ್ದಿತು. ಸಂಶಯವು ಉಳಿದುದರಿಂದಲೇ ತ್ಯಾಗದ ಅರ್ಥವು ವಾಚ್ಯವಾಗದೆ ವ್ಯಂಗ್ಯವಾಗಿ ನಿಂತಿದೆ. ಪಾತ್ರವನ್ನು ಅಭಿನಯಿಸಿದ ಕ್ಯಾಗ್ನಿಯೂ ಈ ವಿಷಯವನ್ನು ಪ್ರೇಕ್ಷಕರ ಊಹೆಗೇ ಬಿಟ್ಟನು. ಕಥೆಯನ್ನು ಬರೆದವರು ಬೇರೆಯವರು. ಆದರೆ ಧ್ವನಿಯ ಆಶ್ರಯವಾದ ಆ ನೆರಳು ಲೇಖನಿಯಿಂದ ಹುಟ್ಟಿದುದಲ್ಲ.

'ಕಾಸಾಬ್ಲಾಂಕಾ'ದ ಮಾತುಗಳು ಎಪ್ಸ್ಟೀನ್ ಸಹೋದರರಿಗೂ ಹೊವರ್ಡ್ ಕೋಕನಿಗೂ ಸೇರಿದುವು. 1942ರ ಮೇ ತಿಂಗಳಲ್ಲಿ ಚಿತ್ರಣವು ಆರಂಭವಾದಾಗ ಗ್ರಂಥವು ಪೂರ್ಣವಾಗಿರಲಿಲ್ಲ. ಇದರ ಹೃದಯಸ್ಥಾನವಾದ ದೃಶ್ಯದಲ್ಲಿಯಾದರೋ ಮಾತೇ ಇಲ್ಲವೆನ್ನಬಹುದು. ಜರ್ಮನ್ ಅಧಿಕಾರಿಗಳು ಪಾನಗೃಹದಲ್ಲಿ ತಮ್ಮ ದೇಶದ ಗೀತವನ್ನು ಹಾಡುತ್ತಿರುತ್ತಾರೆ. ದೇಶಭ್ರಷ್ಟನಾದ ಲಾಸ್ಲೋ ಫ್ರೆಂಚ್ ರಾಷ್ಟ್ರಗೀತವನ್ನು ನುಡಿಸಿರೆಂದು ವಾದ್ಯಗಾರರಿಗೆ ಹೇಳುತ್ತಾನೆ. ಅವರು ಯಜಮಾನನಾದ ರಿಕ್ಕನ ಮುಖವನ್ನು ನೋಡುತ್ತಾರೆ. ಆತನು ಕಂಡೂ ಕಾಣದಷ್ಟು ತಲೆಯನ್ನಾಡಿಸುತ್ತಾನೆ. ಯಾವ ಪಕ್ಷಕ್ಕೂ ಸೇರದೆ ಉದಾಸೀನನಾಗಿದ್ದವನು ಪಕ್ಷವನ್ನು ಹಿಡಿದುದು ಈ ಒಂದು ಶಿರಃಕಂಪದಲ್ಲಿ. ಬಳಿಕ ಎಲ್ಲರೂ ಎದ್ದು ಹಾಡುವಾಗ ಕಣ್ಣೀರಿಡುವ ತರುಣಿಯ ಪಾತ್ರದಲ್ಲಿದ್ದ ಮದಲೇನ್ ಲೆಬೋ ನಿಜವಾಗಿಯೂ ಜರ್ಮನರ ಭಯದಿಂದ ಫ್ರಾನ್ಸನ್ನು ಬಿಟ್ಟು ಬಂದವಳು. ಪರಿಚಾರಕ ಕಾರ್ಲನಾಗಿ ನಟಿಸಿದ ಸಕಾಲ್ ಕರ್ಟಿಜನ ಸ್ವದೇಶೀಯನೇ. ನಿರ್ದೇಶಕನಿಗೂ ಅದು ಪರರ ಕಥೆಯಾಗಿರಲಿಲ್ಲ. ಯೂರೋಪಿನಲ್ಲಿ ಉಳಿದ ಆತನ ಬಂಧುಗಳಲ್ಲಿ ಕೆಲವರು ಆಶ್ವಿಟ್ಸ್ ಶಿಬಿರದಲ್ಲಿ ಮಡಿದರು. ಈ ಚಿತ್ರಕ್ಕಾಗಿ ಆತನಿಗೆ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯ ನಿರ್ದೇಶಕಪ್ರಶಸ್ತಿಯು ದೊರೆಯಿತು. ಹೀಗಿರಲು, ಇದನ್ನು ಆಕಸ್ಮಿಕವೆನ್ನುವುದು ದುರ್ಬಲವಾದ ಪಕ್ಷ.

'ಮಿಲ್ಡ್ರೆಡ್ ಪಿಯರ್ಸ್' (1945) ಈತನ ಕಡೆಯ ಉತ್ತಮ ಕೃತಿಗಳಲ್ಲಿ ಸೇರಿದುದು. ವಾರ್ನರ್ ಸಂಸ್ಥೆಯನ್ನು ಬಿಟ್ಟ ಮೇಲೆ ಮಾಡಿದ ಚಿತ್ರಗಳಲ್ಲಿ ಹಣ ತಂದುವು ಉಂಟು, ಮೊದಲಿನ ಬಿಗಿ ಇಲ್ಲ. ಕೊನೆಯ ಚಿತ್ರವು 1961ರಲ್ಲಿ ಹೊರಬಿದ್ದಿತು. ಮರುವರ್ಷದ ಏಪ್ರಿಲಿನಲ್ಲಿ ಆತನು ನಿಧನನಾದನು.

ಭರತನ ಮತಕ್ಕೆ ಇಲ್ಲಿ ಬಾಧೆಯುಂಟಾಯಿತೇ ಎಂದರೆ, ಹಾಗೆ ತೋರುವುದಿಲ್ಲ. ಮಾತು ಶರೀರವೇ ಹೌದು. ಆ ಶರೀರವನ್ನು ಇತರರು ಒದಗಿಸಿದರು. ಅದು ಎಲ್ಲಿ ಸುಮ್ಮನಿರಬೇಕೆಂಬುದನ್ನು ನಿಶ್ಚಯಿಸುವ ವಿವೇಕವು ಮೂಕಚಿತ್ರದಲ್ಲಿ ಬೆಳೆದವನಿಗೆ ಇದ್ದಿತು. ಈ ನಿರ್ಣಯವನ್ನು ದೃಢಪಡಿಸಲು 'ಬಾಂಕ್ ಬಾನ್' ಚಿತ್ರದ ಪ್ರತಿಯು ಬೇಕು. 'ಅ ತೊಲೊಂತ್ಸ್'ನಂತೆ ಅದೂ ಎಲ್ಲಿಯಾದರೂ ನೆಲಮಾಳಿಗೆಯಲ್ಲಿ ದೊರೆತರೆ, ಮೊದಲು ಪರೀಕ್ಷಿಸತಕ್ಕದ್ದು ರಾಣಿಯ ವಧೆಯ ಸನ್ನಿವೇಶವನ್ನು: ಹಂಗೇರಿಯ ವಿದ್ಯಾರ್ಥಿಗಳು ಓದಿ ಬಲ್ಲ ಕಾತೊನಾನ ಆ ಮಾತುಗಳು ಇಲ್ಲದೆಡೆಯಲ್ಲಿ, ಇಪ್ಪತ್ತೇಳು ವರ್ಷದ ಕೆರ್ತೇಸನು ಏನನ್ನು ತೋರಿಸಿದನು, ಏನನ್ನು ಮರೆಯಿಟ್ಟನು ಎಂಬುದನ್ನು.