ನಿಮಗಿದು ಗೊತ್ತೆ? ತೆಂಗಿನ ಮರಕ್ಕೆ ಹೊರಗೇ ಗಟ್ಟಿ!

ಹಲಸು, ತೇಗದ ದಿಮ್ಮಿಯಲ್ಲಿ ಕೆಚ್ಚು ಇರುವುದು ಒಳಗೆ. ತೆಂಗಿನದು ತಿರುವುಮುರುವು. ಗಟ್ಟಿ ಭಾಗ ತೊಗಟೆಯ ಕೆಳಗೇ ಇರುತ್ತದೆ, ನಡುವೆಲ್ಲ ಮೆತ್ತಗೆ. ಬಲಿತ ಮರದ ಹೊರಪದರ ಘನ ಮೀಟರಿಗೆ 600 ಕಿಲೋಗೂ ಹೆಚ್ಚು ತೂಗಿದರೆ, ನಡುಭಾಗ 400 ಕಿಲೋ ಕೂಡ ಮುಟ್ಟದಿರಬಹುದು.

ನಿಟ್ಟೂರು, ಗುಬ್ಬಿ ಕಡೆ ಫಸಲು ನಿಂತ ಮರ ಕಡಿದು ತೊಲೆ, ರೀಪು ಕೊಯ್ಸುವವರು ಇದನ್ನು ಗಮನಿಸಲೇಬೇಕು. ಬ್ಯಾಂಡ್‌ಸಾದ ಸಾದಾ ಉಕ್ಕಿನ ಬ್ಲೇಡು ಈ ಹೊರಪದರಕ್ಕೆ ಸಿಕ್ಕಿ ಬೇಗ ಮೊಂಡಾಗುತ್ತದೆ. ಹಲ್ಲಿನ ತುದಿಗೆ ಸ್ಟೆಲೈಟ್ ಕೂರಿಸಿದ ಬ್ಲೇಡೇ ಮೇಲು. ಅದು ಕೋಬಾಲ್ಟ್, ಕ್ರೋಮಿಯಂ ಬೆರೆತ ಮಿಶ್ರಲೋಹ. ಕಾದರೂ ಗಡಸುತನ ಬಿಡದು.

ಹಲ್ಲು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಕೊಳ್ಳಬೇಡಿ. ದಪ್ಪ ದಿಮ್ಮಿಗೆ ಒತ್ತು ಹಲ್ಲು ಸಲ್ಲದು. ಸಂದಿಯಲ್ಲಿ ಹೊಟ್ಟು ತುಂಬಿಕೊಂಡು ಬ್ಲೇಡು ಕಾಯುತ್ತದೆ, ಗೆರೆ ಬಿಟ್ಟು ಓಡುತ್ತದೆ. ತೆಳು ಹಲಗೆಗಾದರೆ ಕನಿಷ್ಠ 3 ಹಲ್ಲು ಮರದೊಳಗಿರುವಂತೆ ನೋಡಿಕೊಳ್ಳಿ.

ಬ್ಲೇಡಿನ ಎರಡು ತುದಿ ಬೆಸೆದ ಜಾಗದಲ್ಲಿ, ಹಿಂಬದಿಯ ಅಂಚಿನ ಮೇಲೆ ಉಗುರಾಡಿಸಿ. ಉಬ್ಬು ತಗುಲಿದರೆ ಬೇರೆ ಬ್ಲೇಡು ಕೇಳಿ. ಇಲ್ಲದಿದ್ದರೆ ಪ್ರತಿ ಸುತ್ತಿಗೂ ಅದು ಅಲ್ಲೇ ಜಿಗಿಯುತ್ತದೆ.